ಅವ್ವನ ಪದದಲ್ಲಿ ನಾನು ಬಿಟ್ಟ ಜಾಗ

ಅವ್ವ ಬೀಸುವ ಪದ ಎತ್ತಿ, ಮುಂದಿನ ಸೊಲ್ಲು ನನ್ನದೆಂದು ಬಿಟ್ಟುಕೊಟ್ಟಾಗ ನಾನು ಹೇಳಲಿಲ್ಲ. ಪದ ಮರೆತಿರಲಿಲ್ಲ. ಗಂಟಲು ಕೆಟ್ಟಿರಲಿಲ್ಲ. ಅವಳ ಎದುರಿಗೇ ಕುಳಿತು, ಅವಳ ಕೈಯ ಜೊತೆ ಕೈ ಹಾಕಿ ರಾಗಿಕಲ್ಲು ತಿರುಗಿಸುತ್ತಾ, ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ. ಪಕ್ಕದಲ್ಲಿ ನನ್ನ ತಮ್ಮ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡುತ್ತಿದ್ದ. ಅವನಿಗೆ ಆ ಪದ ಸಿಗಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು. ಅವನಿಗೆ ಸಿಗದಿದ್ದರೆ ಅವ್ವನಿಗೂ ಸಿಗುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೊಳೆದಿತ್ತು.

ನಾವು ಚಂದಾಪುರದಿಂದ ಜಿಗಣಿಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿಯವರು. ಹಳ್ಳಿ ಅನ್ನುವುದು ಈಗ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳಿದಿದೆ. ನಾವು ರಾಗಿ ಬೆಳೆಯುತ್ತಿದ್ದ ದಿನ್ನೆ ಹೊಲದಲ್ಲಿ ಗ್ರಾನೈಟ್ ಕೊಯ್ಯುವ ಶೆಡ್ಡು ನಿಂತಿದೆ. ಉಳಿದ ತುಂಡು ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿ, ಗೋಡೆಯ ಗಿಲಾವು ಒಣಗುವ ಮೊದಲೇ ತೀರಿಕೊಂಡ. ಕೆಳಗಿನ ಮನೆಯಲ್ಲಿ ಅವ್ವ ಮತ್ತು ನಾನು. ನಡುವಿನ ಮಹಡಿಗಳಲ್ಲಿ ಫ್ಯಾಕ್ಟರಿ ಕೆಲಸದವರು, ಗಾರ್ಮೆಂಟ್ಸಿನ ಹೆಂಗಸರು. ಮೇಲೆ ತಾರಸಿಯಲ್ಲಿ ಶೀಟು ಹೊದಿಸಿದ ಕೋಣೆಯಲ್ಲಿ ತಮ್ಮ. ನನ್ನನ್ನು ಸರ್ಜಾಪುರದ ಕಡೆ ಕೊಟ್ಟಿದ್ದರು. ಗಂಡ ಹೋದ ಮೇಲೆ ತವರಿಗೆ ಬಂದು ಬಾಡಿಗೆಯವರನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತೆ.

ನಾನು ಓದಿದ್ದು ಆರನೇ ಕ್ಲಾಸಿನವರೆಗೆ. ಶಾಲೆ ನಾನು ಬಿಟ್ಟದ್ದಲ್ಲ, ಬಿಡಿಸಿದರು. ತಮ್ಮ ಆಗಷ್ಟೇ ತೊಟ್ಟಿಲಿನಿಂದ ನೆಲಕ್ಕಿಳಿದಿದ್ದ. ಅವ್ವ ಹೊಲಕ್ಕೆ ಹೋದರೆ ಅವನನ್ನು ನೋಡಿಕೊಳ್ಳಲು ಒಂದು ಆಳು ಬೇಕಿತ್ತು, ಆ ಆಳು ನಾನಾದೆ. ನನ್ನ ಸ್ಲೇಟು ಅವನಿಗೆ ಹೋಯಿತು. ಅದರ ಮೇಲೆ ಅವನು ಒಂದು ದಿನ ಕತ್ತೆ ಬರೆದ. ಬೀದಿಯವರೆಲ್ಲ ಅದನ್ನು ನೋಡಿ, ಇದು ಅಂಗಡಿಯವನ ಮುಖ ಇದ್ದಂಗೈತಲ್ಲ ಎಂದು ನಕ್ಕರು. ಅಂಗಡಿಯವನು ನಮಗೆ ಉದ್ರಿ ಕೊಡುವುದನ್ನು ನಿಲ್ಲಿಸಿದ. ಒದೆ ಬಿದ್ದದ್ದು ನನಗೆ, ಮಗುವಿನ ಕೈಗೆ ಬಳಪ ಯಾಕೆ ಕೊಟ್ಟೆ ಎಂದು.

ಮುಂದೆ ಅವನು ಅದರಲ್ಲೇ ಅನ್ನ ಕಂಡುಕೊಂಡ. ಒಂದು ಕನ್ನಡ ಪತ್ರಿಕೆಯ ಮೊದಲ ಪುಟದ ಮೂಲೆಯಲ್ಲಿ ದಿನಾ ಒಂದು ಸಣ್ಣ ವ್ಯಂಗ್ಯಚಿತ್ರ ಬರೆಯುತ್ತಾನೆ. ಈಗ ಆಫೀಸಿಗೂ ಹೋಗುವುದಿಲ್ಲ, ಶೀಟಿನ ಕೋಣೆಯಲ್ಲೇ ಕುಳಿತು ಬರೆದು ಕಳಿಸುತ್ತಾನೆ. ಅವನಿಗೆ ಇನ್ನೊಂದು ಹುಚ್ಚೂ ಉಂಟು. ನಮ್ಮೂರಿನಲ್ಲಿ ಮನೆಮನೆಗೆ ಬರುತ್ತಿದ್ದ ದಾಸಯ್ಯನೊಬ್ಬ ಸಾಯುವಾಗ ತನ್ನ ಏಕತಾರಿಯನ್ನು ಇವನಿಗೆ ಕೊಟ್ಟು ಹೋದ. ಅದನ್ನು ನುಡಿಸಲು ಕಲಿತವನು ಅಷ್ಟಕ್ಕೇ ಬಿಡಲಿಲ್ಲ. ಆನೇಕಲ್ಲಿನ ಕಡೆಯ ಹಳ್ಳಿಗಳಲ್ಲಿ ಪದ ಬಲ್ಲ ಮುದುಕ ಮುದುಕಿಯರನ್ನು ಹುಡುಕಿ, ಆಟೋದಲ್ಲಿ ಕೂರಿಸಿಕೊಂಡು ಬಂದು, ಮೇಲಿನ ಕೋಣೆಯಲ್ಲಿ ಹಾಡಿಸಿ ರೆಕಾರ್ಡ್ ಮಾಡತೊಡಗಿದ. ಸದ್ದು ಒಳಗೆ ಬರಬಾರದೆಂದು ಗೋಡೆಗೆಲ್ಲ ಗೋಣಿಚೀಲ, ಹಳೆಯ ರಗ್ಗು. ಒಳಗೆ ಹೋದರೆ ಅಕ್ಕಿ ಮಂಡಿಯ ವಾಸನೆ. ಆ ಮುದುಕರಿಗೆ ಕಾಫಿ ಕಾಯಿಸಿ ಮಹಡಿ ಹತ್ತಿಸುವವಳು ನಾನು. ಅವರು ಎಲೆಅಡಿಕೆ ಉಗಿದ ಮೆಟ್ಟಿಲು ತೊಳೆಯುವವಳೂ ನಾನೇ.

ಗೋಣಿಚೀಲದಿಂದ ಗ್ರಾನೈಟ್ ಶೆಡ್ಡಿನ ಸದ್ದು ನಿಲ್ಲುತ್ತದೆಯೇ? ಆ ಗರಗಸ ಬೆಳಿಗ್ಗೆ ಶುರುವಾದರೆ ಹಲ್ಲಿನೊಳಗೇ ಕಲ್ಲು ಕೊಯ್ದಂತೆ ಇರುತ್ತದೆ. ಅದು ನಿಲ್ಲುವುದು ಕರೆಂಟು ಹೋದಾಗ. ಹಾಗಾಗಿ ಕರೆಂಟು ಹೋದರೆ ಊರೆಲ್ಲ ಬೈಯುತ್ತಿತ್ತು, ಇವನೊಬ್ಬ ಮದುವೆ ಗಂಡಿನಂತೆ ಓಡಾಡುತ್ತಿದ್ದ. ಬ್ಯಾಟರಿಯ ರೆಕಾರ್ಡರನ್ನು ಯಾವಾಗಲೂ ಸಿದ್ಧವಾಗಿಟ್ಟಿರುತ್ತಿದ್ದ. ಕರೆಂಟು ಮತ್ತೆ ಬರುವವರೆಗೆ ಸಿಕ್ಕಿದಷ್ಟು ಪದ.

ಆ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ಲು ಕೈ ಕೊಡುತ್ತಾ ಬಂತು. ಮೋಟರು ಹಾಕಿದರೆ ಅರ್ಧ ನೀರು, ಅರ್ಧ ಗಾಳಿ. ಬಾಡಿಗೆಯವರಿಗೆ ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ನೀರು ಬಿಡುವುದೆಂದು ನಾನು ತೀರ್ಮಾನ ಮಾಡಿದೆ. ಕೆಳಗೆ ಮೆಟ್ಟಿಲಿನ ಪಕ್ಕ ಗೇಟ್ ವಾಲ್ವ್ ಇದೆ. ಅದರ ಚಕ್ರ ಬಿಗಿ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಬೇಕು. ಜಗಳವಾಗುತ್ತಿತ್ತು, ನಾನು ಜಗ್ಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ವಾಲ್ವ್ ತಿರುಗಿಸಲು ಬಂದರೆ ಮೆಟ್ಟಿಲಿನ ಗೋಡೆಗೆ ಪತ್ರಿಕೆಯ ತುಂಡು ಅಂಟಿಸಿದ್ದರು. ನೀರಿನ ಟ್ಯಾಂಕಿನ ಮೇಲೆ ದೇವಿಯಂತೆ ಕಾಲು ಮಡಿಸಿ ಕುಳಿತ ದಪ್ಪ ಹೆಂಗಸು. ಒಂದು ಕೈಯಲ್ಲಿ ಬೀಗದ ಕೈ ಗೊಂಚಲು, ಇನ್ನೊಂದು ಕೈಯಲ್ಲಿ ವಾಲ್ವಿನ ಚಕ್ರ. ಕೆಳಗೆ ಬಕೆಟ್ಟು ಹಿಡಿದ ಜನ ಕೈ ಮುಗಿದು ನಿಂತಿದ್ದಾರೆ. ಅಡಿಯಲ್ಲಿ ಒಂದು ಸಾಲು: "ಇವತ್ತಿನ ದರ್ಶನ ಮುಗೀತು, ನಾಳೆ ಬನ್ನಿ." ಹೆಂಗಸಿನ ಎರಡೂ ಹೊಳ್ಳೆಗೆ ಮೂಗುತಿ. ಗದ್ದದ ಮೇಲೆ ಮಚ್ಚೆ. ಸೆರಗು ಎಡಸೊಂಟಕ್ಕೆ ಸಿಕ್ಕಿಸಿಕೊಂಡ ರೀತಿ. ನನ್ನ ಕನ್ನಡಿಯೂ ನನ್ನನ್ನು ಅಷ್ಟು ಸರಿಯಾಗಿ ತೋರಿಸಿರಲಿಲ್ಲ.

ಬಕೆಟ್ಟು ಹಿಡಿದು ಬಂದ ಹುಡುಗರು ಮುಸಿಮುಸಿ ನಕ್ಕರು. ಹಾಲಿನವನು ಗೇಟಿನಿಂದಲೇ ಕೂಗಿದ, "ಓನರಮ್ಮ, ದರ್ಶನ ಐತಾ ಇವತ್ತು?"

ನಾನು ಆ ತುಂಡು ಕಿತ್ತುಕೊಂಡು ಮೇಲೆ ಹೋದೆ. ತಮ್ಮ ಏಕತಾರಿಯ ತಂತಿ ಬಿಗಿಯುತ್ತಿದ್ದ.

"ಏನೋ ಇದು?"

"ಕಾರ್ಟೂನು."

"ಇದು ನಾನು."

"ನೀನಲ್ಲ ಅಕ್ಕ, ಇಡೀ ಬೆಂಗಳೂರಿನ ಓನರ್‌ಗಳೆಲ್ಲ ಹಿಂಗೇ ಅಲ್ವಾ."

"ಮೂಗುತಿ ನಂದು, ಮಚ್ಚೆ ನಂದು, ಸೊಂಟಾನೂ ನಂದು. ನಾನಲ್ವಂತೆ!"

ಅವನು ನಕ್ಕ. "ಮಂತ್ರಿಗಳು ಅವರ ಕಾರ್ಟೂನ್ ನೋಡಿ ಫೋನ್ ಮಾಡ್ತಾರೆ, ಒರಿಜಿನಲ್ ಕೊಡಿ, ಫ್ರೇಮ್ ಹಾಕಿಸ್ತೀನಿ ಅಂತ. ನೀನು ನೋಡಿದ್ರೆ ಹೊಡೆಯೋಕೆ ಬರ್ತೀಯ."

"ಮಂತ್ರಿ ನಿನ್ನ ಚಡ್ಡಿ ಒಗೆದಿದ್ನೇನೋ?"

ಅವನು ನಗು ನಿಲ್ಲಿಸಿದ. ಆದರೆ ತಪ್ಪಾಯಿತು ಅನ್ನಲಿಲ್ಲ. "ನೀರು ನಿಲ್ಲಿಸ್ತಿರೋದು ಸುಳ್ಳಾ?" ಎಂದು ಕೇಳಿದ. ಸುಳ್ಳಾಗಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಅವತ್ತಿನಿಂದ ಮಾತು ಬಿಟ್ಟೆವು. ಒಂದೇ ಮನೆಯಲ್ಲಿದ್ದು ಮಾತು ಬಿಡುವುದಕ್ಕೂ ಒಂದು ಕ್ರಮವಿದೆ. ನೇರ ಹೇಳಬಾರದು, ಆದರೆ ಕೇಳಿಸಬೇಕು. ಅವನು ಊಟಕ್ಕೆ ಕೆಳಗೆ ಬಂದರೆ ನಾನು ಕಂಬದ ಕಡೆ ತಿರುಗಿ ಹೇಳುತ್ತಿದ್ದೆ, "ಈ ಕಂಬಕ್ಕೆ ಹೇಳ್ತಾ ಇದೀನಿ ಕಣವ್ವ, ತಟ್ಟೆ ತೊಳ್ದಿಟ್ಟು ಹೋಗ್ಲಿ." ಅವನು ಸೊಪ್ಪು ಆರಿಸುತ್ತಿದ್ದ ಅವ್ವನಿಗೆ ಹೇಳುತ್ತಿದ್ದ, "ಅವ್ವ, ದೇವಿಗೆ ಕೇಳು, ತೊಳೆಯೋಕೆ ನೀರು ಬಿಟ್ಟಿದಾಳಾ ಅಂತ." ಅವ್ವ ನಡುವೆ ಕುಳಿತು, "ಅಯ್ಯೋ, ನನ್ನೇನು ಟೆಲಿಫೋನ್ ಕಂಬ ಅಂದ್ಕೊಂಡ್ರೇನ್ರೋ, ನಿಮ್ ಬಾಯಿಗೆ ಮಣ್ಣಾಕ," ಎಂದು ಇಬ್ಬರಿಗೂ ಬೈಯುತ್ತಿದ್ದಳು. ನಕ್ಕುಕೊಂಡೇ ಬೈಯುತ್ತಿದ್ದಳು. ನಮ್ಮ ಜಗಳ ಹಬ್ಬದ ಹೊತ್ತಿಗೆ ಸರಿಹೋಗುತ್ತದೆ ಎಂದು ನಂಬಿದ್ದಳು. ಗೌರಿ ಹಬ್ಬ ಬಂತು. ಗಂಡ ಇಲ್ಲದವಳಾದರೂ ನನಗೆ ತವರಿನ ಪಾಲು ತಪ್ಪಬಾರದೆಂದು ತಮ್ಮ ಬಾಗಿನ ತಂದು ಅವ್ವನ ಕೈಯಲ್ಲಿ ಕೊಟ್ಟ. ನಾನು ಮೊರವನ್ನು ತೆರೆಯದೆ ಹಾಗೇ ಮೇಲಿನ ಮೆಟ್ಟಿಲ ಮೇಲೆ ಇಟ್ಟು ಬಂದೆ. ಅವ್ವ ಅವತ್ತು ಊಟ ಮಾಡಲಿಲ್ಲ.

ಇಷ್ಟರಲ್ಲಿ ತಮ್ಮ, ಊರಿನ ಸುತ್ತಿನ ಮುದುಕಿಯರ ಸೋಬಾನೆ, ಭಜನೆ ಎಲ್ಲ ತುಂಬಿಸಿಕೊಂಡಿದ್ದ. ಉಳಿದದ್ದು ಅವ್ವನ ಬೀಸುವ ಪದ. ಅದನ್ನು ಅವ್ವ ಅವಳ ಅವ್ವನಿಂದ ಕಲಿತಿದ್ದಳು. ಬೇರೆ ಯಾರ ಬಾಯಲ್ಲೂ ಅವನಿಗೆ ಅದು ಸಿಕ್ಕಿರಲಿಲ್ಲ. ಕೇಳಿದಾಗಲೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು.

"ನಿಮ್ಮಕ್ಕ ಇಲ್ದೆ ನಾನೆಂಗ್ಲಾ ಹೇಳ್ಲಿ? ಬೀಸೋ ಪದಾವ ಒಂಟಿ ದನೀಲಿ ಹೇಳ್ಬಾರ್ದು ಕಣ್ಲಾ."

ನಮ್ಮ ಮನೆಯಲ್ಲಿ ಅದು ಹಾಗೇ. ಕಲ್ಲಿಗೆ ಇಬ್ಬರು ಕೂರಬೇಕು, ಒಂದೇ ಗೂಟವನ್ನು ಇಬ್ಬರೂ ಹಿಡಿಯಬೇಕು. ಒಬ್ಬಳು ಕೇಳುತ್ತಾಳೆ, ಇನ್ನೊಬ್ಬಳು ಉತ್ತರ ಹೇಳುತ್ತಾಳೆ. ಉತ್ತರ ಬರುವವರೆಗೆ ಕೇಳಿದವಳು ಕಲ್ಲು ತಿರುಗಿಸುತ್ತಾ ಕಾಯುತ್ತಾಳೆ. ಜೊತೆಯವಳು ಸತ್ತ ಮನೆಯಲ್ಲಿ ಮಾತ್ರ ಒಂಟಿ ದನಿ, ಅದನ್ನೂ ಹಾಡು ಅನ್ನುವುದಿಲ್ಲ, ಅಳು ಅನ್ನುತ್ತಾರೆ. ನನ್ನನ್ನು ಶಾಲೆ ಬಿಡಿಸಿದ ವರ್ಷದಿಂದ ಮದುವೆಯಾಗುವವರೆಗೆ ಅವ್ವನ ಎದುರು ಕುಳಿತವಳು ನಾನು. ಆ ಪದದ ಅರ್ಧ ನನ್ನ ಬಾಯಲ್ಲಿತ್ತು. ಓದಿದ ತಮ್ಮನ ಹತ್ತಿರ ಇಲ್ಲದ, ನನ್ನ ಹತ್ತಿರ ಮಾತ್ರ ಇರುವ ಒಂದೇ ಒಂದು ವಸ್ತು ಅದಾಗಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಲೈನಿನ ಕೆಲಸವೆಂದು ಕರೆಂಟು ತೆಗೆದ ಒಂದು ದಿನ, ಗರಗಸ ನಿಂತ ಕೂಡಲೇ ತಮ್ಮ ಮೈಕು, ಗೋಣಿಚೀಲ ಎಲ್ಲ ಹೊತ್ತುಕೊಂಡು ಕೆಳಗೆ ಓಡಿ ಬಂದ. ಅವ್ವ ನಡುಮನೆಯಲ್ಲಿ ಮೂಲೆ ಹಿಡಿದಿದ್ದ ಕಲ್ಲನ್ನು ಆಗಲೇ ಒರೆಸಿ, ಕುಕ್ಕೆಯಲ್ಲಿ ರಾಗಿ ಇಟ್ಟುಕೊಂಡು ಕುಳಿತಿದ್ದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ಗೊತ್ತಾಯಿತು.

"ಬಾರವ್ವ," ಎಂದಳು ನನಗೆ. "ನನ್ ಮೇಲೇನು ನಿಂಗೆ ಸಿಟ್ಟಿಲ್ವಲ್ಲ?"

ನಾನು ಹೋಗಿ ಕುಳಿತೆ. ಕಾಲು ಚಾಚಿ, ಗೂಟ ಹಿಡಿದೆ. ಅವ್ವನ ಕೈ ನನ್ನ ಕೈಯ ಮೇಲೆ ಬಂತು. ಕಲ್ಲು ತಿರುಗಿತು. ಎಷ್ಟೋ ವರ್ಷ ಸುಮ್ಮನಿದ್ದ ಕಲ್ಲು, ಮೊದಲು ಒರಟಾಗಿ ಗೊರಗೊರ ಎಂದು, ಆಮೇಲೆ ಹದಕ್ಕೆ ಬಂತು. ತಮ್ಮ ಬೆರಳೆತ್ತಿದ. ಅವ್ವ ಪದ ಎತ್ತಿದಳು.

"ದಿನ್ನೆ ಹೊಲದ ರಾಗಿ ಕೊಯ್ದೋರು ಯಾರವ್ವ?"

ನಾನು ಹೇಳಬೇಕಿದ್ದದ್ದು, "ಕುಡುಗೋಲು ನಿನದವ್ವ, ಕೈ ಮಾತ್ರ ನನದವ್ವ" ಎಂದು. ಹೇಳಲಿಲ್ಲ. ಅವ್ವ ಕಲ್ಲು ತಿರುಗಿಸುತ್ತಾ ಕಾದಳು. ನಾನು ತಡವಾಗಿ ಎತ್ತುತ್ತೇನೆಂದುಕೊಂಡು ಒಂದು ಸುತ್ತು ಹೆಚ್ಚಿಗೇ ಕಾದಳು. ಆಮೇಲೆ ಮುಂದಿನದು ಕೇಳಿದಳು.

"ಕೊಯ್ದ ರಾಗಿ ಕಣಕೆ ಹೊತ್ತೋರು ಯಾರವ್ವ?"

"ಸಿಂಬಿ ನಿನದವ್ವ, ತಲೆ ಮಾತ್ರ ನನದವ್ವ." ಅದು ನಾಲಿಗೆಯ ತುದಿಯವರೆಗೆ ಬಂತು. ತಮ್ಮ ನನ್ನ ಕಡೆ ನೋಡಿ ಕೈ ಸನ್ನೆ ಮಾಡಿದ, ಹೇಳು, ಹೇಳು ಎಂದು. ಬೇಡಿಕೊಳ್ಳುವ ಸನ್ನೆ. ಬಕೆಟ್ಟು ಹಿಡಿದು ನಿಂತವರ ಚಿತ್ರ ಬರೆದವನು ಈಗ ನನ್ನ ಮುಂದೆ ಹಾಗೇ ಕುಳಿತಿದ್ದ. ನಾನು ಅವನ ಮುಖ ನೋಡಿ ನಕ್ಕೆ. ಬಾಯಿ ತೆರೆಯದೆ ನಕ್ಕೆ. ಇವತ್ತಿನ ದರ್ಶನ ಮುಗೀತು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಅವ್ವ ಅದನ್ನು ನೋಡಿದಳೋ ಇಲ್ಲವೋ. ದನಿ ಮಾತ್ರ ಸಣ್ಣದಾಯಿತು. ಪದ ನಡುವೆ ಬಿಡಬಾರದೆಂದು ಮೂರನೆಯದನ್ನೂ ಕೇಳಿದಳು.

"ಬೀಸೋ ಕಲ್ಲಿಗೆ ದನಿಯ ಕೊಟ್ಟೋರು ಯಾರವ್ವ?"

ಕಲ್ಲು ತಿರುಗಿತು. ನಾನೂ ತಿರುಗಿಸುತ್ತಲೇ ಇದ್ದೆ. ಅವ್ವ ನನ್ನ ಮುಖಕ್ಕೆ ಬಗ್ಗಿ ಕೇಳಿದಳು, "ಯಾಕವ್ವಾ, ಬಾಯಿ ಕಟ್ಟೋಯ್ತಾ?"

ಅದಕ್ಕೂ ನಾನು ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು. ಶೆಡ್ಡಿನ ಗರಗಸ ಕಿರುಚಿತು. ತಮ್ಮ ಹೆಡ್‌ಫೋನ್ ಕಿತ್ತು ನೆಲಕ್ಕೆ ಇಟ್ಟ. ಎಷ್ಟೋ ತಿಂಗಳ ಮೇಲೆ ನನ್ನ ಜೊತೆ ನೇರವಾಗಿ ಮಾತಾಡಿದ. "ಕೆಡಿಸಿಬಿಟ್ಟೆಯಲ್ಲ. ಕುಶಿ ಆಯ್ತಾ?"

"ಕಂಬ ಯಾಕೋ ಮಾತಾಡ್ತಾ ಐತೆ," ಎಂದೆ ನಾನು.

ಅವ್ವ ಸೀರೆಯ ಮೇಲಿನ ಹಿಟ್ಟು ಕೊಡವಿಕೊಂಡು ಎದ್ದಳು. "ಬಿಡ್ಲಾ, ಇನ್ನೊಂದಪ ಕರೆಂಟ್ ಹೋಗಾಕಿಲ್ವಾ? ಆವಾಗ ಹೇಳ್ತಾಳೆ," ಎಂದು ಮಗನಿಗೆ ಸಮಾಧಾನ ಹೇಳಿದಳು. ನೆಲಕ್ಕೆ ಬಿದ್ದ ಹಿಟ್ಟನ್ನು ಮೊರಕ್ಕೆ ಬಳಿದುಕೊಂಡಳು. ಸಂಜೆ ಅದರಲ್ಲೇ ಮುದ್ದೆ ಮಾಡಿದಳು. ಮೂರು ಜನವೂ ತಿಂದೆವು.

ಅವ್ವ ಹೇಳಿದ ಇನ್ನೊಂದು ಸಲ ಬರಲಿಲ್ಲ. ಅದಕ್ಕೆ ಮೊದಲೇ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಮಾತಾಡಲು ನೋಡುವಳು, ಬಾಯಿ ಒಂದು ಕಡೆಗೆ ಎಳೆಯುವುದು. ಬಾಯಿ ಕಟ್ಟಿಹೋದದ್ದು ಅವಳಿಗೆ. ಅವಳಿಗೆ ಗಂಜಿ ಕುಡಿಸುವಾಗ ಒಂದು ಸೊಲ್ಲು ಹೇಳಿಬಿಡಬಹುದಿತ್ತು. ಅವಳ ಕಿವಿ ಚೆನ್ನಾಗಿತ್ತು. ಅದನ್ನೂ ಮಾಡಲಿಲ್ಲ. ಮೇಲಿನವನಿಗೆ ಕೇಳಿಸಿದರೆ ನಾನು ಸೋತೆ ಅಂದುಕೊಳ್ಳುತ್ತಾನೆ ಎಂದು ಸುಮ್ಮನಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಹೋದಳು. ತಿಥಿಗೆ ಬಂದ ಮುದುಕಿಯೊಬ್ಬಳು, ಒಂಟಿ ದನೀಲಿ ಹೇಳಿಸಬಾರದಿತ್ತು ಎಂದು ತಮ್ಮನನ್ನು ಬೈದಳು. ಪದದಿಂದ ಯಾರೂ ಸಾಯುವುದಿಲ್ಲ. ಬಿಪಿ ಮಾತ್ರೆ ನುಂಗದೆ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು, ಅದಕ್ಕೆ ಸತ್ತಳು. ಆದರೆ ಒಂಟಿ ದನಿ ಆದದ್ದು ತಮ್ಮನಿಂದಲ್ಲ, ನನ್ನಿಂದ ಎಂದು ನಾನು ಆ ಮುದುಕಿಗೆ ಹೇಳಲಿಲ್ಲ. ಬೈಗುಳ ಅವನ ಪಾಲಿಗೇ ಹೋಗಲಿ ಎಂದು ಎಲೆ ಹಾಕುತ್ತಿದ್ದೆ.

ಕಲ್ಲನ್ನೂ ಕಳೆದೆ. ಸರ್ಜಾಪುರದ ಕಡೆ ಒಂದು ರೆಸಾರ್ಟಿನವರು ಹಳೆಯ ಕಲ್ಲು, ಒರಳು ಬೇಕೆಂದು ಟೆಂಪೋ ತಂದು ಊರೂರು ತಿರುಗುತ್ತಿದ್ದರು. ತೋಟದಲ್ಲಿ ಅಂದಕ್ಕೆ ಇಡುತ್ತಾರಂತೆ. ಹೊತ್ತುಕೊಂಡು ಹೋಗಿ ಎಂದೆ. ತಮ್ಮ ಪೇಟೆಯಿಂದ ಬಂದವನು ನಡುಮನೆಯ ಖಾಲಿ ಮೂಲೆಯನ್ನು ನೋಡಿದ. ಅಲ್ಲಿ ಕಲ್ಲಿದ್ದ ಕಡೆ ನೆಲ ಬೆಳ್ಳಗೆ ದುಂಡಗೆ ಉಳಿದಿತ್ತು.

"ಕಲ್ಲು?"

"ಕಾಲಿಗೆ ತಾಗ್ತಿತ್ತು, ಕೊಟ್ಟೆ."

"ನಂಗೊಂದು ಮಾತು ಕೇಳಬಾರದಿತ್ತಾ?"

"ನನ್ನನ್ನ ಪೇಪರಲ್ಲಿ ಹಾಕೋ ಮುಂಚೆ ನೀನು ಕೇಳಿದ್ಯಾ?"

ಅವನು ಮೇಲೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಅದರ ಮೇಲೆ ಅವನು ಊಟಕ್ಕೂ ಕೆಳಗೆ ಬರುವುದನ್ನು ಬಿಟ್ಟ. ಒಂದು ಸ್ಟೌವು ಇಟ್ಟುಕೊಂಡ. ನಾವು ಹಾಗೇ ವರ್ಷಗಳನ್ನು ತಳ್ಳಿದೆವು. ಸಂಜೆ ಏಕತಾರಿಯ ಸದ್ದು ಮೇಲಿನಿಂದ ಕೇಳಿಸುತ್ತಿತ್ತು. ನಾನು ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದೆ.

ಕಳೆದ ಬೇಸಿಗೆಯ ಒಂದು ಭಾನುವಾರ, ಶೆಡ್ಡಿಗೆ ರಜ. ಬಟ್ಟೆ ಒಣಹಾಕುತ್ತಿದ್ದೆ. ಮೇಲಿನಿಂದ ಅವ್ವನ ದನಿ ಬಂತು. "ದಿನ್ನೆ ಹೊಲದ ರಾಗಿ ಕೊಯ್ದೋರು ಯಾರವ್ವ?" ಅವ್ವ ಸತ್ತ ಮೇಲೆ ನಾನು ಅದನ್ನು ಕೇಳಿರಲಿಲ್ಲ. ಕೈಯಲ್ಲಿದ್ದ ಒದ್ದೆ ಸೀರೆ ಹಾಗೇ ಹಿಡಿದುಕೊಂಡು ನಿಂತೆ. ಕಲ್ಲಿನ ಸದ್ದು, ಗೊರ್ ಗೊರ್. ಆ ಖಾಲಿ ಜಾಗ. ಅಷ್ಟರಲ್ಲಿ ಆ ಜಾಗದಲ್ಲಿ ಇನ್ನೊಂದು ಹೆಣ್ಣು ದನಿ ಎದ್ದಿತು.

"ಕುಡುಗೋಲ ತವರಾಗ ಬಿಟ್ಟೇನ ನಮ್ಮವ್ವ..."

ಎರಡನೇ ಮಹಡಿಯವಳು. ರಾಯಚೂರಿನ ಕಡೆಯ ಹೆಂಗಸು, ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಬಟ್ಟೆ ಒಗೆಯುವಾಗ ಹಾಡಿಕೊಳ್ಳುವುದನ್ನು ಕೇಳಿದ್ದೆ. ತಮ್ಮ ಅವಳನ್ನು ಕೂರಿಸಿ, ನನ್ನವ್ವನಿಗೆ ಉತ್ತರ ಹೇಳಿಸುತ್ತಿದ್ದಾನೆ!

ಮೈ ಉರಿದುಹೋಯಿತು. ನೇರ ಮೀಟರ್ ಬೋರ್ಡಿಗೆ ಹೋಗಿ ಮೇಲಿನ ಕೋಣೆಯ ಫ್ಯೂಸ್ ಕಿತ್ತೆ. ಹಾಡು ನಿಲ್ಲಲಿಲ್ಲ. ಅವನದು ಬ್ಯಾಟರಿಯಲ್ಲಿ ನಡೆಯುತ್ತದೆ ಎಂಬುದು ಆ ಸಿಟ್ಟಿನಲ್ಲಿ ಮರೆತೇಹೋಗಿತ್ತು. ನಿಂತದ್ದು ಅವನ ಫ್ಯಾನು ಮಾತ್ರ. ಫ್ಯಾನು ನಿಂತದ್ದರಿಂದ ಅವ್ವನ ದನಿ ಇನ್ನೂ ಸ್ಪಷ್ಟವಾಗಿ ಕೇಳಿಸತೊಡಗಿತು. "ಕೊಯ್ದ ರಾಗಿ ಕಣಕೆ ಹೊತ್ತೋರು ಯಾರವ್ವ?" ನಾನು ಫ್ಯೂಸನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ.

ಬಾಗಿಲು ತಳ್ಳಿದೆ. "ಯಾರ ಅವ್ವನಿಗೆ ಯಾರೋ ಉತ್ತರ ಹೇಳೋದು?"

ತಮ್ಮ ಕುಳಿತಲ್ಲಿಂದಲೇ ರೆಕಾರ್ಡರ್ ನಿಲ್ಲಿಸಿದ. "ಬಾಗಿಲು ತಟ್ಟಿ ಬರೋದು ಕಲಿ ಮೊದಲು."

"ನನ್ನ ಮನೆ ಬಾಗಿಲು ನಾನು ತಟ್ಟಬೇಕಾ? ಏಯ್, ಎದ್ದೇಳೇ ಅಲ್ಲಿಂದ!"

ಆ ಹೆಂಗಸು ಏಳಲಿಲ್ಲ. "ಯಾಕ್ರಿ ಅಕ್ಕಾರ, ಬಾಡಿಗಿ ಕೊಟ್ಟೀನಿ, ಹಾಡೂ ನಿಮ್ಮನ್ನ ಕೇಳೇ ಹಾಡಬೇಕೇನ್ರಿ? ಪಾಪ, ಆ ಮುದಿಜೀವ ಎಷ್ಟೊತ್ತಾತು ಕಾಯಕತ್ತೈತಿ. ಯಾರೂ ಓ ಅನ್ನವಲ್ರು. ನನಗ ತಡಿಲಿಲ್ಲ, ಓ ಅಂದೆ."

"ಅದಕ್ಕೆ ಉತ್ತರ ಬೇರೆ ಐತೆ. ನಿಂಗೆ ಗೊತ್ತಿಲ್ಲ."

"ಗೊತ್ತಿದ್ದೋರು ಹಾಡ್ರಲ್ಲ," ಎಂದು ಅವಳು ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ತಮ್ಮ ನನ್ನನ್ನೇ ನೋಡುತ್ತಿದ್ದ. ಅವನ ಕೂದಲು ಇಷ್ಟು ನರೆತದ್ದು ಯಾವಾಗ ಎಂದುಕೊಂಡೆ. ನಿಂತುಕೊಂಡೇ ಹೇಳಿದೆ, ಕುಡುಗೋಲು ನಿನದವ್ವ, ಕೈ ಮಾತ್ರ ನನದವ್ವ. ದನಿ ಒಡೆದಿತ್ತು. ಸಿಂಬಿ ನಿನದವ್ವ, ತಲೆ ಮಾತ್ರ ನನದವ್ವ. ಮೂರನೆಯದು... ಬರಲಿಲ್ಲ. ಏನೋ ನಿನದವ್ವ, ಏನೋ ಮಾತ್ರ ನನದವ್ವ. ನಡುವಿನ ಮಾತು ಹೋಗಿತ್ತು. ಮತ್ತೆ ಮೊದಲಿನಿಂದ ಹಿಡಿದೆ, ಅಲ್ಲಿಗೇ ಬಂದು ನಿಂತೆ. ಆ ಹೆಂಗಸು ನೆಲ ನೋಡಿದಳು. ತಮ್ಮ ಮೆಲ್ಲಗೆ ಹೇಳಿದ, ಮೆಲ್ಲಗೆ ಹೇಳಿದ್ದೇ ಚುಚ್ಚಿತು.

"ಗೊತ್ತಿದ್ದಾಗ ಹೇಳ್ಲಿಲ್ಲ. ಈಗ ಮರ್ತು ಹೋಯ್ತು. ಹೋಗಕ್ಕ, ಆ ಫ್ಯೂಸ್ ಹಾಕು, ಶೆಕೆ."

ಅವತ್ತು ನನಗೆ ಊಟ ಸೇರಲಿಲ್ಲ. ಪಾತ್ರೆ ಉಜ್ಜುವಾಗ ಹುಡುಕಿದೆ, ಕಸ ಗುಡಿಸುವಾಗ ಹುಡುಕಿದೆ. ಆ ಮಾತು ಎಲ್ಲೂ ಇರಲಿಲ್ಲ. ಅವ್ವ ಕೇಳಿದ ಮೂರನೆಯ ಪ್ರಶ್ನೆಗೆ ಉತ್ತರ ಇಡೀ ಭೂಮಿಯ ಮೇಲೆ ನನ್ನೊಬ್ಬಳಲ್ಲೇ ಇದ್ದದ್ದು, ಅದನ್ನು ನಾನು ಸಿಟ್ಟಿನಲ್ಲಿ ಕೂಡಿಟ್ಟು ಕೊಳೆಸಿದ್ದೆ. ತಮ್ಮನಿಗೆ ಕೊಡಬಾರದೆಂದು ಮುಚ್ಚಿಟ್ಟದ್ದು ನನಗೂ ಉಳಿಯಲಿಲ್ಲ.

ಮಾರನೆಯ ಬೆಳಿಗ್ಗೆ, ಶೆಡ್ಡು ಶುರುವಾಗುವ ಮೊದಲು, ಎಂದಿನಂತೆ ನೀರು ಬಿಡಲು ಹೋದೆ. ವಾಲ್ವಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದೆ. ಅದು ಬಿಗಿಯಾಗಿ, ಕೊರಕೊರ ಎಂದು ಸದ್ದು ಮಾಡುತ್ತಾ ತಿರುಗುತ್ತದೆ. ಎರಡು ಮೂರು ಸುತ್ತು ಬರುವಷ್ಟರಲ್ಲಿ ನನ್ನ ಹೆಗಲು ಯಾವುದೋ ಹಳೆಯ ತೂಗಾಟಕ್ಕೆ ಬಿತ್ತು. ಮುಂದಕ್ಕೆ ಬಗ್ಗಿ, ಹಿಂದಕ್ಕೆ ಒರಗಿ. ಬಾಯಿ ತಾನೇ ತೆರೆಯಿತು.

"ಪದವೆಲ್ಲ ನಿನದವ್ವ, ಉಸಿರು ಮಾತ್ರ ನನದವ್ವ."

ಮಹಡಿಯ ಮೇಲೆ ಯಾರದೋ ಬಕೆಟ್ಟಿಗೆ ನೀರು ಧುಮುಕಿತು. ವಾಲ್ವ್ ಪೂರ್ತಿ ತೆರೆದೇ ಬಿಟ್ಟು ಮೇಲೆ ಓಡಿದೆ. ಟ್ಯಾಂಕು ಖಾಲಿಯಾಗಲಿ ಅನ್ನಿಸಿತು. ಈ ಸಲ ಬಾಗಿಲು ತಟ್ಟಿದೆ.

ತಮ್ಮ ಲುಂಗಿ ಕಟ್ಟಿಕೊಳ್ಳುತ್ತಾ ತೆರೆದ. "ಏನು?"

"ಅವ್ವಂದು ಹಾಕು."

"ನಿನ್ನೆ ಆಯ್ತಲ್ಲ ನಾಟ್ಕ."

"ಹಾಕೋ. ಗರಗಸ ಶುರುವಾಗ್ಬಿಡುತ್ತೆ."

ಅವನು ಬಾಗಿಲಿಗೆ ಅಡ್ಡ ನಿಂತೇ ಇದ್ದ. "ನೋಡು, ಆಯಮ್ಮ ಹಾಡಿರೋದು ನಾನು ಅಳಿಸಲ್ಲ. ಅದಕ್ಕೆ ಬಂದಿದ್ರೆ ಹೋಗು."

"ಅಳಿಸ್ಬೇಡ. ಅದೂ ಇರ್ಲಿ. ನಂದೂ ಇರ್ಲಿ."

ಅವನಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಯಾಕಾದರೂ ಇರಬೇಕು? ಆದರೂ ಒಂದು ಕ್ಷಣ ನೋಡಿ ದಾರಿ ಬಿಟ್ಟ. ಒಂದು ಕಿವಿಗೆ ಅವ್ವನ ದನಿ ಬರುವಂತೆ ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸಿದ. ಒರಟಾಗಿ ಸಿಕ್ಕಿಸಿದ, ಕಿವಿಯೋಲೆ ಕಿವಿಗೆ ಒತ್ತಿತು. ಮೈಕನ್ನು ಬಾಯಿಯ ಹತ್ತಿರ ತಂದಿಟ್ಟ. ಕೈಗೆ ಏನಾದರೂ ಬೇಕೆಂದು ಸುತ್ತ ನೋಡಿದೆ. ಅವನ ಬಣ್ಣದ ಡಬ್ಬಿ ಸಿಕ್ಕಿತು, ತೊಡೆಯ ಮುಂದೆ ಇಟ್ಟುಕೊಂಡು ಅದರ ಮುಚ್ಚಳವನ್ನು ಕಲ್ಲಿನ ಗೂಟದಂತೆ ಹಿಡಿದೆ. ತಮ್ಮ ಅದನ್ನು ನೋಡಿದ. ಬೆರಳೆತ್ತಿದ.

ಕಲ್ಲು ತಿರುಗಿತು. ಆ ಸದ್ದಿನಲ್ಲಿ ನನ್ನ ಕೈಯೂ ಇತ್ತು. ಅವ್ವ ಕೇಳಿದಳು, ನಾನು ಹೇಳಿದೆ. ಮತ್ತೆ ಕೇಳಿದಳು, ಹೇಳಿದೆ. ದನಿ ಮೊದಲಿನದಲ್ಲ, ಮುದುಕಿಯದು. ಈಗ ನಮ್ಮಿಬ್ಬರ ದನಿಯೂ ಒಂದೇ ವಯಸ್ಸಿನದು. ಎರಡನೆಯ ಉತ್ತರ ಮುಗಿದಾಗ, ಅವತ್ತು ನಾನು ತಮ್ಮನ ಮುಖ ನೋಡಿ ನಕ್ಕ ಜಾಗ ಇದೇ ಎಂದು ಗೊತ್ತಾಯಿತು. ಈ ಸಲ ಅವನ ಮುಖ ನೋಡಲು ಆಗಲಿಲ್ಲ. ಅವ್ವನ ದನಿ ಸಣ್ಣದಾಯಿತು. "ಬೀಸೋ ಕಲ್ಲಿಗೆ ದನಿಯ ಕೊಟ್ಟೋರು ಯಾರವ್ವ?"

"ಪದವೆಲ್ಲ ನಿನದವ್ವ, ಉಸಿರು ಮಾತ್ರ ನನದವ್ವ."

ಪದ ಅಲ್ಲಿಗೆ ಮುಗಿಯುತ್ತದೆ. ಆದರೆ ತಮ್ಮ ರೆಕಾರ್ಡರ್ ನಿಲ್ಲಿಸಲಿಲ್ಲ. ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತ. ಮುಂದೆ ಏನು ಬರುತ್ತದೆಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕಲ್ಲು ಇನ್ನೂ ತಿರುಗುತ್ತಿತ್ತು. ಅವ್ವ ನನ್ನ ಕಿವಿಯೊಳಗೆ ಬಗ್ಗಿ ಕೇಳಿದಳು, "ಯಾಕವ್ವಾ, ಬಾಯಿ ಕಟ್ಟೋಯ್ತಾ?"

ಮೈಕಿಗೇ ಹೇಳಿದೆ, ಇಬ್ಬರಿಗೂ ಕೇಳಿಸುವಂತೆ ಹೇಳಿದೆ:

"ಇಲ್ಲ ಕಣವ್ವ, ಬಾಯಿ ಕಟ್ಟಿರ್ಲಿಲ್ಲ. ಬೇಕಂತ್ಲೇ ಸುಮ್ನಿದ್ದೆ. ಇವನ ಮೇಲಿನ ಸಿಟ್ಟಿಗೆ ನಿನ್ನ ಕಾಯಿಸ್ದೆ. ತಪ್ಪಾಯ್ತು ಕಣವ್ವ. ತಪ್ಪಾಯ್ತು ಕಣೋ ತಮ್ಮ, ನಿಂಗೂ."